ಉಳಿಸಿಟ್ಟ ಎಡಗೆನ್ನೆ

ಯಾಂಜ್ಮಾ ಆ ಶಾಲೆಯ ವಸತಿನಿಲಯಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ನಲವತ್ತೊಂದು ಹಾಸಿಗೆ, ನಲವತ್ತೊಂದು ಟವೆಲು, ಗೋಡೆಯ ಮೊಳೆಗಳಿಗೆ ನೇತುಹಾಕಿದ ನಲವತ್ತೊಂದು ಲೋಟ. ದೂರದ ಹುಲ್ಲುಗಾವಲಿನಿಂದ ಬಂದ ಕುರುಬರ ಮಕ್ಕಳನ್ನು ಎಬ್ಬಿಸುವುದು, ತಲೆ ಬಾಚುವುದು, ಹೇನು ತೆಗೆಯುವುದು, ಒದ್ದೆಯಾದ ಹಾಸಿಗೆಯನ್ನು ಯಾರಿಗೂ ಕಾಣದಂತೆ ಒಲೆಯ ಹಿಂದೆ ಒಣಹಾಕುವುದು ಅವಳ ಕೆಲಸ. ಮಕ್ಕಳ ಬಾಯಲ್ಲಿ ಅವಳು ಅಜ್ಜಿ, ದೊಡ್ಡವರಿಗೆ ಯಾಂಜ್ಮಕ್ಕ.

ಆ ವರ್ಷ ವಸಂತದಲ್ಲಿ, ಕುರಿಗಳು ಮರಿಹಾಕುವ ಕಾಲಕ್ಕೆ, ಅವಳ ಗಂಡ ಪುರೆವ್ ತೀರಿಕೊಂಡಿದ್ದ. ನಲವತ್ತೊಂಬತ್ತು ದಿನ ಬೆಣ್ಣೆದೀಪ ಹಚ್ಚಿದಳು. ಹೇಳಬೇಕಾದ ಮಂತ್ರವನ್ನೆಲ್ಲ ಹೇಳಿದಳು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಕೈಗವಸಿಲ್ಲದೆ ಮಂಜಿನಲ್ಲಿ ನೀರು ಸೇದಿದ ಬೆರಳುಗಳ ಹಾಗೆ ಒಳಗೆ ಏನೋ ಮರಗಟ್ಟಿತ್ತು. ನೋವು ಅಂತಲೂ ಇರಲಿಲ್ಲ. ಬೆಳಿಗ್ಗೆ ಮೊದಲ ಚಹಾವನ್ನು ಎಂದಿನಂತೆ ಹೊರಗೆ ನಿಂತು ಆಕಾಶಕ್ಕೆ ಚಿಮುಕಿಸುತ್ತಿದ್ದಳು. ಚಿಮುಕಿಸುತ್ತಿದ್ದದ್ದು ಕೈ, ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹಾಗಿರುತ್ತಿತ್ತು.

ನಿಲಯದ ಬಾಗಿಲ ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಹನ್ನೆರಡು ನಿಯಮಗಳಿದ್ದವು. ಏಳನೆಯದು ಹೀಗಿತ್ತು: ಸೆಪ್ಟೆಂಬರ್ ಒಂದರಿಂದ ಮೊದಲ ರಜೆಯವರೆಗೆ, ಅಂದರೆ ಒಂಬತ್ತು ವಾರ, ಮಗು ಮನೆಗೆ ಹೋಗುವಂತಿಲ್ಲ, ತಾಯಿತಂದೆ ನಿಲಯದ ಒಳಗೆ ಬರುವಂತಿಲ್ಲ. ಅವರನ್ನು ಕಂಡರೆ ಮಕ್ಕಳು ಅಳುತ್ತವೆ, ಅತ್ತರೆ ಪಾಠ ತಲೆಗೆ ಹತ್ತುವುದಿಲ್ಲ ಎಂಬುದು ಅದನ್ನು ಬರೆದವರ ಲೆಕ್ಕ. ಊರಲ್ಲೇ ಮನೆಯಿದ್ದ ಅಂಗಡಿಯವರ, ಕಚೇರಿಯವರ ಮಕ್ಕಳು ಮಧ್ಯಾಹ್ನ ಮನೆಗೆ ಹೋಗಿ ಅಮ್ಮನ ಕೈಯ ಊಟ ಉಂಡು ಬರುತ್ತಿದ್ದವು. ಅವರಿಗೆ ಯಾವ ನಿಯಮವೂ ಇರಲಿಲ್ಲ.

ಆ ಸಲ ಬಂದವರಲ್ಲಿ ಎಲ್ಲರಿಗಿಂತ ಚಿಕ್ಕವಳು ನ್ಯಾಮ್‌ಗೆರೆಲ್. ಆರು ವರ್ಷ, ಊದಿಕೊಂಡ ಕೆಂಪು ಕೆನ್ನೆ, ಅಣ್ಣನ ಹಳೆಯ ಬೂಟು. ತಾಯಿ ತ್ಸೆಂದ್ಮಾ ಅವಳನ್ನು ಕುದುರೆಯಿಂದಿಳಿಸಿ, ಬಲಗೆನ್ನೆಯನ್ನು ಉಸಿರು ತುಂಬುವಷ್ಟು ಮೂಸಿ, ಎಡಗೆನ್ನೆಯನ್ನು ಹಾಗೇ ಬಿಟ್ಟು ಹೊರಟಳು. ಅಲ್ಲಿ ಮುತ್ತೆಂದರೆ ಮೂಸುವುದು, ತಾಯಂದಿರೆಲ್ಲ ಮಾಡುವುದೇ ಹೀಗೆ. ಅಗಲುವಾಗ ಒಂದು ಕೆನ್ನೆ, ಮತ್ತೆ ಕಂಡಾಗ ಇನ್ನೊಂದು. ಉಳಿಸಿದ ಕೆನ್ನೆ ಇರುವ ತನಕ ಅಮ್ಮ ಬರಲೇಬೇಕು.

ಎರಡು ವಾರ ಹುಡುಗಿ ಚೆನ್ನಾಗಿಯೇ ಇದ್ದಳು. ಮುಖ ತೊಳೆಯುವಾಗ ಮಾತ್ರ ಎಡಗೆನ್ನೆಗೆ ನೀರು ತಾಕಿಸುತ್ತಿರಲಿಲ್ಲ. ಮೂರನೆಯ ವಾರದ ಒಂದು ಬೆಳಿಗ್ಗೆ ತಲೆ ಬಾಚುವಾಗ ಕೂದಲ ಗಂಟಿಗೆ ಬಾಚಣಿಗೆ ಸಿಕ್ಕಿ ಅತ್ತಳು. ಯಾಂಜ್ಮಾ ಬೇರೇನನ್ನೂ ಯೋಚಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳು ಏನನ್ನೂ ಯೋಚಿಸುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಕುತ್ತಿಗೆಯನ್ನು ಬಗ್ಗಿಸಿತು, ಎದುರಿಗಿದ್ದ ಕೆನ್ನೆಯನ್ನು ಮೂಸಿತು. ಅದು ಎಡಗೆನ್ನೆ.

ಹುಡುಗಿಯ ಅಳು ಥಟ್ಟನೆ ನಿಂತಿತು. ಕೆನ್ನೆಗೆ ಅಂಗೈ ಒತ್ತಿಕೊಂಡಳು.

"ಅದು ಅಮ್ಮಂದು," ಎಂದಳು.

ಆಮೇಲೆ ಅವಳು ಮಾತಾಡಲಿಲ್ಲ. ಮಧ್ಯಾಹ್ನದ ಶಾವಿಗೆಯ ಬಟ್ಟಲು ಮುಂದಿದ್ದರೂ ಕೈ ಕೆನ್ನೆಯ ಮೇಲಿಂದ ಇಳಿಯಲಿಲ್ಲ. ಮರುದಿನವೂ ಅದೇ. ಅಡುಗೆಯ ಖೋರ್ಲೋ ಎಲ್ಲರಿಗೂ ಬೈಯುತ್ತಲೇ ಬಡಿಸುವವಳು. ಈ ಹುಡುಗಿಯೆದುರು ಕುಕ್ಕರುಗಾಲಲ್ಲಿ ಕೂತು ರಮಿಸಿದಳು.

"ಒಂದೇ ಒಂದು ತುತ್ತು ತಿನ್ನೇ ನನ್ನ ಬಂಗಾರ. ನೀನು ತಿನ್ನದಿದ್ರೆ ಆ ದೊಡ್ಡ ಹುಡುಗರ ಹೊಟ್ಟೆಗೆ ಹೋಗತ್ತೆ. ಅವರಿಗೆ ಹೊಟ್ಟೆ ಅಲ್ಲ, ಬಾವಿ ಇದೆ."

ಮಗು ಕೆಳಗೆ ನೋಡುತ್ತಿತ್ತು. ಚಹಾ ಮಾತ್ರ ಎರಡು ಗುಟುಕು ಕುಡಿಯಿತು.

ಬುಧವಾರ ದಾದಿ ಬಂದು ನಾಡಿ ನೋಡಿ, ಶನಿವಾರದೊಳಗೆ ಊಟ ಮಾಡದಿದ್ದರೆ ಹೆಸರು ಹೊಡೆದುಹಾಕಿ ಮನೆಗೆ ಕಳಿಸಬೇಕು ಎಂದು ಬರೆದು ಹೋದಳು. ಹೆಸರು ಹೊಡೆದರೆ ಮುಂದಿನ ವರ್ಷ ಬರಬಹುದು ಎನ್ನುವುದು ಕಾಗದದ ಮಾತು. ಬೇಸಿಗೆಯಲ್ಲಿ ಹೆಸರು ಬರೆಸಲು ಬಂದಾಗಲೇ ಹುಡುಗಿಯ ತಂದೆ ಹೇಳಿದ್ದ, "ಇವಳು ನಿಂತ್ರೆ ನಿಂತಳು. ಓಡಿಬಂದ್ರೆ ಕುರಿ ಕಾಯ್ತಾಳೆ, ಮತ್ತೆ ಕಳ್ಸಲ್ಲ." ಹಾಗೆ ಹೇಳಿದವರು ಹಾಗೆಯೇ ಮಾಡುತ್ತಾರೆಂದು ಯಾಂಜ್ಮಾಗೆ ಗೊತ್ತಿತ್ತು.

ಗುರುವಾರ ಸಭೆ. ದೂರದ ಕುರುಬರ ಮಕ್ಕಳು ಶಾಲೆ ಬಿಡುವುದು ಹೆಚ್ಚಾಗಿದೆ, ನಿಲಯದ ನಿಯಮಗಳನ್ನು ತಿದ್ದಿ ಕಳಿಸಿ ಎಂದು ಮೇಲಿನ ಕಚೇರಿಯಿಂದ ಪತ್ರ ಬಂದಿತ್ತು. ಮುಖ್ಯೋಪಾಧ್ಯಾಯ ಗೊಂಬೊಸುರೆನ್ ಎರಡು ಹಾಳೆ ಬರೆದುಕೊಂಡು ಬಂದಿದ್ದ. ಕಿಟಕಿಗಳಿಗೆ ಹೊಸ ಪರದೆ. ಗೋಡೆಗೆ ನೀಲಿ ಬಣ್ಣ. ಭಾನುವಾರ ಹಾಡಿನ ತರಗತಿ. ಏಳನೆಯ ನಿಯಮದ ಮುಂದೆ "ಬದಲಾವಣೆ ಇಲ್ಲ" ಎಂದಿತ್ತು.

"ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿ, ಯಾರೂ ಹೇಳುವುದಿಲ್ಲವೆಂಬ ಧೈರ್ಯದಲ್ಲಿ ಹಾಳೆ ಮಡಿಚತೊಡಗಿದ.

ಒಲೆಯ ಪಕ್ಕ ಕೂತಿದ್ದ ಯಾಂಜ್ಮಾ ಎದ್ದು ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಸಭೆಯಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ಆ ಮಗು ಊಟ ಬಿಟ್ಟಿರೋದು ನನ್ನಿಂದ. ಅವಳಮ್ಮ ಉಳಿಸಿಟ್ಟು ಹೋಗಿದ್ದ ಕೆನ್ನೆ ನಾನು ಮೂಸಿಬಿಟ್ಟೆ."

ಹೆಂಗಸರು ನಾಲಗೆ ಕಚ್ಚಿಕೊಂಡರು. ಗೊಂಬೊಸುರೆನ್ ಕನ್ನಡಕ ತೆಗೆದ.

"ಅಲ್ಲ ಯಾಂಜ್ಮಕ್ಕ, ಇದನ್ನ ನಿಯಮದಲ್ಲಿ ಹೇಗೆ ಬರೀಲಿ? 'ಎಡಗೆನ್ನೆ ಮೂಸಬಾರದು' ಅಂತನಾ? ಮೇಲಿನವರು ಓದಿ ನನ್ನ ಬಾಯಿ ಮೂಸಿ ನೋಡ್ತಾರೆ, ಕುಡಿದಿದೀನಾ ಅಂತ."

ಎಲ್ಲರೂ ನಕ್ಕರು. ಯಾಂಜ್ಮಾಳ ಮುಖದಲ್ಲಿ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಾಜರಿ ಕೂಗುವ ಧ್ವನಿಯಲ್ಲೇ ಮುಂದುವರಿಸಿದಳು.

"ನಾನು ಬಂದು ಇಷ್ಟು ವರ್ಷದಲ್ಲಿ, ಮೊದಲ ರಜೆಯೊಳಗೆ ಬಿಟ್ಟುಹೋದ ಮಕ್ಕಳು ಹತ್ತೊಂಬತ್ತು. ಎಲ್ಲಾ ಆರು, ಏಳು ವರ್ಷದವು. ಎಲ್ಲಾ ದೂರದ ಹಟ್ಟಿಯವು. ಪಾಠ ಹತ್ತದೆ ಹೋದದ್ದು ಒಂದೂ ಇಲ್ಲ. ಅಮ್ಮಂದಿರು ಬಂದಾಗ ಬಾಗಿಲಲ್ಲಿ ತಡೆದದ್ದು ನಾನೇ. ಒಬ್ಬಳು ಎರಡು ದಿನ ಒಂಟೆ ಮೇಲೆ ಬಂದಿದ್ಲು. ಅವಳಿಗೂ ಏಳನೇ ನಿಯಮ ಓದಿ ಹೇಳಿದೆ."

"ನಾನೂ ಇದೇ ನಿಲಯದಲ್ಲಿ ಬೆಳೆದವನು," ಎಂದ ಗೊಂಬೊಸುರೆನ್. "ನಾನೇನು ಸತ್ತೆನಾ?"

"ಸಾಯಲಿಲ್ಲ ಮೇಷ್ಟ್ರೇ. ನಾಲ್ಕನೇ ತರಗತಿ ತನಕ ಹಾಸಿಗೆ ಒದ್ದೆ ಮಾಡ್ತಿದ್ರಂತೆ. ನನಗಿಂತ ಮುಂಚೆ ಇದ್ದ ಅಜ್ಜಿ ಹೇಳ್ತಿದ್ರು."

ಈ ಸಲದ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಖೋರ್ಲೋ ಅಡುಗೆಬಟ್ಟೆಯನ್ನೇ ಬಾಯಿಗೆ ತುರುಕಿಕೊಂಡಳು. ಗೊಂಬೊಸುರೆನ್ ಕಿವಿಯವರೆಗೆ ಕೆಂಪಾಗಿ, ಮಡಿಚಿದ ಹಾಳೆಯನ್ನು ಬಿಡಿಸಿ, ಏಳರ ಮುಂದಿನ ಎರಡು ಪದಗಳ ಮೇಲೆ ಗೀಟು ಎಳೆದ. ಅಲ್ಲಿ ಏನು ಬರೆಯಬೇಕೆಂಬುದರ ಬಗ್ಗೆ ಚಹಾ ಎರಡು ಸಲ ಬಂದುಹೋಗುವಷ್ಟು ವಾದವಾಯಿತು. ಕೊನೆಗೆ ಒಂದು ವಾಕ್ಯ ಆಯಿತು.

"ಆದರೆ ಮೇಲಿಂದ ಮುದ್ರೆ ಬೀಳೋ ತನಕ ಹಳೇ ನಿಯಮವೇ," ಎಂದ. "ಮುದ್ರೆ ಬರೋದು ಬಿಳಿ ತಿಂಗಳ ಹೊಸವರ್ಷದ ಹಬ್ಬ ಕಳೆದ ಮೇಲೆ. ಶನಿವಾರಕ್ಕೆ ನನ್ನ ಕೈಲಿ ಏನೂ ಇಲ್ಲ ಅಕ್ಕ."

ಯಾಂಜ್ಮಾ ಹೋಗಿ ಗಾಜಿನ ಚೌಕಟ್ಟಿನ ಮುಂದೆ ನಿಂತಳು. ಏಳನೆಯದನ್ನು ಬೆರಳಿಟ್ಟು ಓದಿದಳು. ತಾಯಿತಂದೆ ನಿಲಯದ *ಒಳಗೆ* ಬರುವಂತಿಲ್ಲ. ಮಗು *ಮನೆಗೆ* ಹೋಗುವಂತಿಲ್ಲ. ಬೇಲಿಯಾಚೆ ಕುದುರೆ ಕಟ್ಟುವ ಕಂಬ ನಿಲಯದ ಒಳಗೂ ಅಲ್ಲ, ಯಾರ ಮನೆಯೂ ಅಲ್ಲ. ಇಪ್ಪತ್ತೆರಡು ವರ್ಷ ಆ ಕಂಬ ಅಲ್ಲೇ ಇತ್ತು.

ಅಂದೇ ಅಂಚೆಯ ಜೀಪಿನವನ ಕೈಲಿ ಹೇಳಿಕಳಿಸಿದಳು: ತ್ಸೆಂದ್ಮಾಳಿಗೆ ಹೇಳು, ಶನಿವಾರ ಕಂಬದ ಹತ್ತಿರ ಬರಲಿ.

ಶನಿವಾರ ಬಿಸಿಲೇರುವ ಹೊತ್ತಿಗೆ ತ್ಸೆಂದ್ಮಾ ಬಂದಳು. ಕುದುರೆಯ ಎದೆಯ ಮೇಲೆ ಬೆವರು ಉಪ್ಪಾಗಿ ಒಣಗಿತ್ತು. ಯಾಂಜ್ಮಾ ಹುಡುಗಿಯ ಕೈಹಿಡಿದು ಗೇಟು ದಾಟಿಸಿದಳು. ಕಚೇರಿಯ ಕಿಟಕಿಯಲ್ಲಿ ಗೊಂಬೊಸುರೆನ್‌ನ ಮುಖ ಕಂಡಿತು. ಅವನು ಸ್ವಲ್ಪ ಹೊತ್ತು ನೋಡಿ, ಹೊಸ ಪರದೆ ಇನ್ನೂ ಬಂದಿರಲಿಲ್ಲವಾದ್ದರಿಂದ, ಹಳೆಯದನ್ನೇ ಎಳೆದುಕೊಂಡ.

ಹುಡುಗಿ ಅಮ್ಮನ ಕಡೆಗೆ ಓಡಲಿಲ್ಲ. ಕೆನ್ನೆ ಮುಚ್ಚಿಕೊಂಡು ನಿಂತಳು.

"ಕೈ ತೆಗಿ ಪುಟ್ಟಿ. ನಂದು ಕೊಡು," ಎಂದಳು ತಾಯಿ.

"ಇಲ್ಲ. ಅಜ್ಜಿ ತಗೊಂಡುಬಿಟ್ಲು." ನಾಲ್ಕು ದಿನದ ಮೇಲೆ ಹೊರಬಂದ ಮಾತು ಒಡೆದಿತ್ತು.

ತ್ಸೆಂದ್ಮಾ ತಲೆಯೆತ್ತಿ ನೋಡಿದಳು. ಯಾಂಜ್ಮಾ ನೆಲ ನೋಡಿದಳು.

"ತಪ್ಪಾಯ್ತು ತಂಗಿ. ಪದ್ಧತಿ ಗೊತ್ತಿದ್ದೂ ಹೀಗೆ ಮಾಡಿದೆ. ಗಮನ ಎಲ್ಲೋ ಇತ್ತು."

ತ್ಸೆಂದ್ಮಾ ಕಡಿವಾಣದ ಹಗ್ಗವನ್ನು ಕಂಬಕ್ಕೆ ನಿಧಾನವಾಗಿ ಕಟ್ಟಿದಳು. ಪುರೆವ್ ಹೋದ ಸುದ್ದಿ ಅವರ ಹಟ್ಟಿಗೂ ಮುಟ್ಟಿತ್ತು.

"ಅಷ್ಟೇ ತಾನೇ?" ಎಂದಳು ಮಗಳಿಗೆ. "ತಗೊಂಡಿದ್ದು ಎಲ್ಲಿಗೆ ಹೋಗತ್ತೆ? ಅಜ್ಜಿ ಹತ್ರಾನೇ ಇರತ್ತೆ. ವಾಪಸ್ ಇಸ್ಕೊಂಡ್ರಾಯ್ತು."

ಹತ್ತಿರ ಬಂದು, ಒರಟು ಅಂಗೈಗಳಲ್ಲಿ ಯಾಂಜ್ಮಾಳ ಮುಖ ಹಿಡಿದು, ಎಡಗೆನ್ನೆಯನ್ನು ಎದೆ ತುಂಬ ಮೂಸಿದಳು. ಉಸಿರನ್ನು ಹಾಗೇ ಹಿಡಿದುಕೊಂಡು ಬಗ್ಗಿ, ಮಗಳ ಎಡಗೆನ್ನೆಯ ಮೇಲೆ ಬಿಟ್ಟು, ಮತ್ತೆ ಅದನ್ನು ಮೂಸಿದಳು. ಹುಡುಗಿ ಇದೆಲ್ಲವನ್ನೂ ಕಟ್ಟುನಿಟ್ಟಾಗಿ ನೋಡಿದಳು. ಸರಿಯಾಗಿದೆ ಎನಿಸಿತೋ ಏನೋ, ಅಮ್ಮನ ನಿಲುವಂಗಿಯ ಎದೆಯೊಳಗೆ ಕೈಹಾಕಿ ಒಣಮೊಸರಿನ ಗಟ್ಟಿಯೊಂದನ್ನು ಎಳೆದು ಬಾಯಿಗಿಟ್ಟುಕೊಂಡಳು. ಆಮೇಲೆ ಇನ್ನೊಂದು.

"ಶಾವಿಗೆ ಇದೆಯಾ?" ಎಂದು ಯಾಂಜ್ಮಾಳನ್ನು ಕೇಳಿದಳು.

ಖೋರ್ಲೋ ಬಟ್ಟಲನ್ನು ಬೇಲಿಯ ಮೇಲಿಂದಲೇ ದಾಟಿಸಿದಳು. "ನಿಯಮ ಮುರಿಯಲ್ಲಪ್ಪ ನಾನು. ಬಟ್ಟಲಿಗೆ ಏಳನೇ ನಿಯಮ ಇಲ್ಲ."

ಹೊರಡುವಾಗ ತ್ಸೆಂದ್ಮಾ ಮಗಳ ಬಲಗೆನ್ನೆ ಮೂಸಿ, ಎಡಗೆನ್ನೆಯನ್ನು ಮತ್ತೆ ಉಳಿಸಿದಳು.

ಹಬ್ಬ ಕಳೆದ ಮೇಲೆ ಮುದ್ರೆ ಬಿತ್ತು. ಎಂಟು ವರ್ಷದೊಳಗಿನ ಮಗುವಿನ ತಾಯಿತಂದೆ ಯಾವ ದಿನ ಬೇಕಾದರೂ ನಿಲಯದ ಒಳಗೆ ಬರಬಹುದು, ಅಲ್ಲೇ ಉಣ್ಣಬಹುದು ಎಂದು ಏಳನೆಯ ನಿಯಮ ಬದಲಾಯಿತು. ಕೆನ್ನೆಯ ಮಾತು ಅದರಲ್ಲಿರಲಿಲ್ಲ. ಪರದೆಯೂ ಬಂತು.

ಆದರೆ ಆ ಶನಿವಾರ ಕುದುರೆ ಗುಡ್ಡ ದಾಟಿದ ಮೇಲೆ ಯಾಂಜ್ಮಾ ಒಳಗೆ ಬಂದು ಟವೆಲುಗಳನ್ನು ಎಣಿಸಿದಳು. ನಲವತ್ತೊಂದಿದ್ದವು. ಅಳು ಬರುತ್ತದೇನೋ ಎಂದು ಒಂದು ಕ್ಷಣ ನಿಂತಳು, ಬರಲಿಲ್ಲ. ವಸಂತದಿಂದೀಚೆಗೆ ಅವಳ ಮುಖವನ್ನು ಯಾರೂ ಮುಟ್ಟಿರಲಿಲ್ಲ. ಸಂಜೆ ದೀಪ ಹಚ್ಚುವ ಮುಂಚೆ ಮುಖ ತೊಳೆಯುವಾಗ ಬಲಗೆನ್ನೆಗೆ ನೀರು ಹಾಕಿಕೊಂಡಳು, ಹಣೆಗೆ ಹಾಕಿಕೊಂಡಳು. ಎಡಗೆನ್ನೆಯನ್ನು ಹಾಗೇ ಬಿಟ್ಟಳು.