ಮನವಿಯಲ್ಲಿ ಬಿಟ್ಟುಹೋದ ಹೆಸರು

ಬಂದ್ಯೋಡಿನಲ್ಲಿ ಗೋರಿಗೆ ನೆಡುವ ಮೀಸಾನ್ ಕಲ್ಲು ಕೆತ್ತುತ್ತಿದ್ದ ಆ ವೃದ್ಧರು ಪ್ರತಿ ಅಕ್ಷರ ಮುಗಿದ ಮೇಲೂ ಅದರೊಳಗೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. ಸತ್ತವರ ಹೆಸರಿನ ಜೊತೆ ಅವರ ಅಪ್ಪನ ಹೆಸರನ್ನೂ ಕೆತ್ತಬೇಕಾದ್ದರಿಂದ, ಯಾರೇ ಬರಲಿ, ಅವರ ಪ್ರಶ್ನೆ ಒಂದೇ: "ಅಪ್ಪನ ಹೆಸರು ಎಂತ?" ನಾನು ಶಾಲೆಯ ಫಲಕ ಕೆತ್ತಿಸಲು ಹೋದಾಗಲೂ ಹಾಗೆಯೇ ಕೇಳಿ, ತಾವೇ ನಕ್ಕಿದ್ದರು.

ಅವರ ಅಜ್ಜ ಮಲಯದ ರಬ್ಬರ್ ತೋಟಕ್ಕೆ ದುಡಿಯಲು ಹೋದವರು. ಮಹಾಯುದ್ಧದಲ್ಲಿ ಜಪಾನಿ ಸೈನ್ಯ ಅವರನ್ನು ಬರ್ಮಾ ರೈಲುಹಳಿಯ ಬಲವಂತದ ಕೆಲಸಕ್ಕೆ ಎಳೆದೊಯ್ದಿತು. ಮರಳಿ ಬರಲಿಲ್ಲ. ಆ ಹಳಿಯ ಪಕ್ಕದ ಯುದ್ಧಸ್ಮಶಾನದ ಚಿತ್ರಗಳನ್ನು ನಾನು ಮೊಬೈಲಿನಲ್ಲಿ ತೋರಿಸಿದೆ. ಸೆರೆಯಲ್ಲಿ ಸತ್ತ ಬಿಳಿಯ ಸೈನಿಕರಿಗೆ ಸಾಲುಸಾಲಾಗಿ ಹೆಸರಿನ ಕಲ್ಲುಗಳಿದ್ದವು. ಕೂಲಿಗಳಿಗೆ ಒಂದೂ ಇರಲಿಲ್ಲ. ಸಾವಿನ ನಂತರವೂ ಮುಂದುವರಿದ ವರ್ಣಭೇದ ಇದು ಎಂದೆ.

"ಕೆತ್ತನೆ ಚಂದ ಉಂಟು," ಎಂದಷ್ಟೇ ಹೇಳಿ ಅವರು ಪರದೆಯ ಮೇಲೆ ಹೆಬ್ಬೆರಳು ಆಡಿಸಿದರು.

ಕೂಲಿಗಳಿಗೂ ಸ್ಮಾರಕ ಬೇಕೆಂದು ಸರ್ಕಾರಕ್ಕೆ ಮನವಿ ಬರೆದು ಅವರ ಸಹಿಗೆ ಒಯ್ದೆ. ವಸಾಹತುಶಾಹಿ, ಸೇನಾಧಿಕಾರಿಗಳು, ತೋಟದ ಮಾಲೀಕರು, ಯಾರನ್ನೂ ನಾನು ಬಿಟ್ಟಿರಲಿಲ್ಲ. ಅವರು ಪೂರ್ತಿ ಓದಿಸಿ ಕೇಳಿದರು.

"ಟೀಚರೇ, ತಪ್ಪು ಮಾಡಿದವರೆಲ್ಲ ಇದರಲ್ಲಿ ಇದ್ದಾರೆ. ನನ್ನ ಅಜ್ಜ ಎಲ್ಲಿ?"

"'ಅಸಂಖ್ಯಾತ ಕಾರ್ಮಿಕರು' ಎಂದು ಬರೆದಿದ್ದೇನಲ್ಲ?"

"ಆ ಹೆಸರಿನವರು ನಮ್ಮ ಮನೆಯಲ್ಲಿ ಯಾರೂ ಇಲ್ಲ."

ಕೂಲಿಗಳನ್ನು ಹೆಸರಿಲ್ಲದೆ ಬಿಟ್ಟ ಆ ಅನ್ಯಾಯವನ್ನು ನಾನೂ ಮಾಡಿದ್ದೆ. ಹೆಸರು ಕೇಳಿದೆ, ಮೊಯ್ದಿನಬ್ಬ ಎಂದರು. ಬರೆದು ಕಾಗದವನ್ನು ಮುಂದಿಟ್ಟೆ. ಅವರು ಸಹಿ ಹಾಕದೆ ನನ್ನನ್ನೇ ನೋಡುತ್ತ ಕುಳಿತರು.

"ಅವರ ಅಪ್ಪನ ಹೆಸರು ಎಂತ?" ಎಂದು ಕೇಳಿದೆ.

ಆಗ ಉಳಿಯನ್ನು ಕೆಳಗಿಟ್ಟು, ಪೆನ್ನಿಗೆ ಕೈ ಚಾಚಿದರು.