ನಾಳಿನ ಗುಳಿಗೆ

ಬೆಟಗೇರಿಯ ನಮ್ಮ ಓಣಿಯಲ್ಲಿ ನೇಕಾರರು ಲಾಳಿಯ ಸಣ್ಣ ತೂತಿನಿಂದ ನೂಲನ್ನು ಬಾಯಿಂದಲೇ ಹೀರಿ ತೆಗೆಯುತ್ತಾರೆ. ನನ್ನ ಗಂಡನಿಗೆ ಕ್ಷಯ ಎಂದು ಗೊತ್ತಾದ ದಿನ ಡಾಕ್ಟರು ಅದನ್ನು ಬಿಡಿಸಿದರು. ಅವರ ಬಾಯಿ ತಾಗದ ಹೊಸ ಲಾಳಿ ತಂದೆವು. ನಾನು ನೂಲು ತೆಗೆದು ಕೊಡುತ್ತಿದ್ದೆ, ಅವರು ನೇಯುತ್ತಿದ್ದರು.

ಒಂದು ದಿನವೂ ಗುಳಿಗೆ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಮೂರನೆಯ ತಿಂಗಳು ಸರ್ಕಾರದ ಗುಳಿಗೆಯೇ ಬರಲಿಲ್ಲ.

"ಮ್ಯಾಲಿಂದ ಬಂದಿಲ್ರಿ ವೈನಿ," ಎಂದಳು ಓಣಿಯ ಆಶಾ ಕಾರ್ಯಕರ್ತೆ.

"ಮ್ಯಾಲಂದ್ರ ಎಲ್ಲವಾ? ನಾನ ಹೋಗಿ ತರ್ತೀನಿ ತಗೋ," ಎಂದು ಗಂಡ ನಕ್ಕರು. ನಕ್ಕಿದ್ದಕ್ಕೇ ಕೆಮ್ಮು ಹತ್ತಿತು.

ಗದಗಿನ ಔಷಧದ ಅಂಗಡಿಗಳಲ್ಲಿ ಕೇಳಿದೆ. ಲಕ್ಷ್ಮೇಶ್ವರದಲ್ಲಿ ನಾದಿನಿ ಕೇಳಿದಳು. ಎಲ್ಲೂ ಇರಲಿಲ್ಲ. ಹತ್ತನೆಯ ದಿನ ಕಾರ್ಯಕರ್ತೆ ಓಡಿ ಬಂದಳು. ಕ್ಷಯವನ್ನು ಇಲ್ಲದಂತೆ ಮಾಡಲು ಹಲವು ದೇಶಗಳು ಕೈಜೋಡಿಸಿವೆಯಂತೆ, ಆ ಕೆಲಸ ನೋಡುವವರು ಮರುದಿನ ನಮ್ಮ ಮನೆಗೆ ಬರುತ್ತಾರಂತೆ.

ಬೆಳಿಗ್ಗೆ ಎಲ್ಲಿಂದಲೋ ಒಂದು ದಿನದ ಗುಳಿಗೆ ತಂದಳು. "ಅವರ ಮುಂದ ನುಂಗ್ರಿ ಅಣ್ಣಾರ."

"ಹತ್ತ ದಿನ ಉಪಾಸ ಕೆಡವಿ, ಇವತ್ತ ಹೋಳಿಗಿ ಊಟೇನವಾ?" ಎಂದರು ಅವರು.

ಇಬ್ಬರು ವಿದೇಶಿಯರು ಬಂದರು, ಜೊತೆಗೆ ಅವರ ಮಾತನ್ನು ಕನ್ನಡದಲ್ಲಿ ತಿಳಿಸುವವರೊಬ್ಬರು. ಗಂಡ ಗುಳಿಗೆ ನುಂಗಿದರು. ಫೋಟೋ ತೆಗೆದರು. ಬಂದವರಲ್ಲಿ ಹೆಂಗಸೊಬ್ಬರು ನನ್ನ ಕೈ ಹಿಡಿದು ಏನೋ ಕೇಳಿದರು. ಕೆಟ್ಟ ಜನರಲ್ಲ.

"ಏನರ ತ್ರಾಸ ಐತೇನಂತ ಕೇಳಾಕತ್ತಾರ್ರಿ," ಎಂದರು ಮಾತು ತಿಳಿಸುವವರು.

ನಾಳಿನ ಗುಳಿಗೆ ಎಲ್ಲಿ ಎಂದು ಕೇಳಬೇಕಿತ್ತು. ಕಾರ್ಯಕರ್ತೆಯ ಮುಖ ನೋಡಿದೆ. ಕೆಲಸ ಹೋದೀತೆಂಬ ಹೆದರಿಕೆ ಅಲ್ಲಿ ಕಾಣುತ್ತಿತ್ತು.

"ಎಲ್ಲಾ ಛಲೋ ಐತ್ರಿ," ಎಂದೆ. ಅದನ್ನೇ ಅವರು ಬರೆದುಕೊಂಡರು.

ಮತ್ತೆ ಗುಳಿಗೆ ಬರುವ ಹೊತ್ತಿಗೆ ಗಂಡನಿಗೆ ಮಗ್ಗದಲ್ಲಿ ಕೂರುವ ಶಕ್ತಿ ಇರಲಿಲ್ಲ. ಬಂದ ಗುಳಿಗೆಗೆ ರೋಗ ಬಗ್ಗಲಿಲ್ಲ. ಅವರು ತೀರಿಹೋದ ದಿನ, ನಾನು ನೂಲು ತೆಗೆದಿಟ್ಟ ಲಾಳಿ ಮಗ್ಗದ ಮೇಲೆ ಹಾಗೇ ಇತ್ತು.

ಈಗ ನನಗೆ ರೋಗ ಹತ್ತದಿರಲೆಂದು ಗುಳಿಗೆ ಕೊಡುತ್ತಾರೆ. ಮನೆಗೇ ಬರುತ್ತದೆ. ಮೊದಲ ಸಲ ತಂದಾಗ ಕಾರ್ಯಕರ್ತೆಯನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ:

"ನಾಳಿಂದೂ ಐತೇನವಾ?"

"ಪೂರಾ ತಂದೀನ್ರಿ ವೈನಿ," ಎಂದು ಆಕೆ ಅತ್ತಳು.

ನಾನು ಅಳಲಿಲ್ಲ. ಅಂದು ಕೇಳದೆ ಹೋದ ಎರಡೇ ಮಾತು, ಈಗ ಕೇಳಿಯೇ ಬಿಟ್ಟಿದ್ದೆ. ಕೇಳಿದ್ದು ನನ್ನ ಗುಳಿಗೆಗಾಗಿ.