ಅಯಸ್ಕಾಂತ ಕಚ್ಚಿದ ಸ್ಟೀಲು

ಸುನಂದಾ ಬೆಳೆದದ್ದೇ ಸ್ಟೀಲಿನ ಸದ್ದಿನಲ್ಲಿ. ಬಳ್ಳಾರಿಯ ಗಾಂಧಿನಗರದಲ್ಲಿ ಅವಳಪ್ಪ ವಿರೂಪಾಕ್ಷಪ್ಪನವರ ಪಾತ್ರೆ ಅಂಗಡಿ. ಗಿರಾಕಿ ಅನುಮಾನಪಟ್ಟರೆ ಅಪ್ಪ ಗಲ್ಲಾದಿಂದ ಅಯಸ್ಕಾಂತದ ತುಂಡು ತೆಗೆದು ಸ್ಟೀಲಿನ ಕೊಡಕ್ಕೆ ಮುಟ್ಟಿಸುತ್ತಿದ್ದರು. ಅಂಟದಿದ್ದರೆ ಅಸಲಿ, ಅಂಟಿದರೆ ನಕಲಿ. ಮಗಳು ಮುಂದೆ ಲೋಹಶಾಸ್ತ್ರ ಓದಿ ಕುಡತಿನಿ ರಸ್ತೆಯ ಖಾಸಗಿ ಪ್ರಯೋಗಾಲಯ ಸೇರಿದಳು. ಯಾವ ಉಪಕರಣಕ್ಕೆ ಯಾವ ಲೋಹ ಎಂದು ಕೇಳಲು ಎಲ್ಲರೂ ಅವಳ ಮೇಜಿಗೇ ಬರಬೇಕು. ಆ ಗತ್ತು ಅವಳಿಗೆ ಊಟಕ್ಕಿಂತ ರುಚಿ.

ಅಂಥಲ್ಲಿಗೆ ಬಾದನಹಟ್ಟಿಯಿಂದ ನಂದಿನಿ ಎಂಬ ಹುಡುಗಿ ಕೆಲಸಕ್ಕೆ ಬಂದಳು. ತಲೆ ಚುರುಕು, ಮೇಲಾಗಿ ನಗುಮುಖ. ಮುಖ್ಯಸ್ಥ ಶಶಿಕಾಂತ್ ಮಾತುಮಾತಿಗೆ "ನಂದಿನೀನ ಒಂದ್ಸಲ ಕೇಳ್ರಿ" ಎನ್ನತೊಡಗಿದಾಗ ಸುನಂದಾಳ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು. ಹುಡುಗಿ ಚಹಾ ತಂದುಕೊಟ್ಟರೆ, ಸಕ್ಕರೆ ಜಾಸ್ತಿಯಾಯಿತೆಂದು ಅರ್ಧಕ್ಕೇ ಇಟ್ಟಳು. ಸಕ್ಕರೆ ಸರಿಯಾಗಿಯೇ ಇತ್ತು.

ಈ ಸಲದ ಕೆಲಸ ದೊಡ್ಡದು, ಇಂಧನಕೋಶದ ಪರೀಕ್ಷೆ. ಇಂಧನಕೋಶವೆಂದರೆ ಜಲಜನಕದಿಂದ ನೇರವಾಗಿ ಕರೆಂಟು ಕೊಡುವ ತೆಳ್ಳನೆಯ ಪಿಂಗಾಣಿ ಬಿಲ್ಲೆ. ಅದನ್ನು ಎಂಟುನೂರು ಡಿಗ್ರಿಯಲ್ಲಿ ಪರೀಕ್ಷಿಸಬೇಕು. ಬಿಲ್ಲೆಯನ್ನು ಹಿಡಿದಿಡುವ ಪ್ಲೇಟಿಗೆ ಆ ಕಾವಿನಲ್ಲಿ, ಕೋಶದಿಂದ ಏಳುವ ನೀರಿನ ಹಬೆಯಲ್ಲಿ ತುಕ್ಕು ಹತ್ತಬಾರದು. ಇದ್ದದ್ದು ಒಂದೇ ಬಿಲ್ಲೆ. ನಂದಿನಿ ನಿಕ್ಕಲ್ ಇಲ್ಲದ, ಕ್ರೋಮಿಯಂ ಹೆಚ್ಚಿರುವ ಸ್ಟೀಲು ಆರಿಸಿ ತರಿಸಿದಳು.

ಸುನಂದಾ ಎಲ್ಲರೆದುರು ಅದಕ್ಕೆ ಅಯಸ್ಕಾಂತ ಮುಟ್ಟಿಸಿದಳು. ಟಕ್ಕನೆ ಕಚ್ಚಿಕೊಂಡಿತು. ಅವಳಿಗೆ ಅದೇ ಹಬ್ಬ.

"ನಮ್ಮ ಅಂಗಡ್ಯಾಗ ಇಂಥಾದ್ರಾಗ ಲೋಟಾನೂ ಮಾರಂಗಿಲ್ಲವ್ವಾ. ತುಕ್ಕು ಹಿಡಿಯೋ ಮಾಲು ಇದು. ಅಯಸ್ಕಾಂತಕ್ಕ ಅಂಟದ ನಿಕ್ಕಲ್ ಸ್ಟೀಲು ಹಾಕಿಸ್ರಿ ಸರ್."

ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನಲ್ಲೂ ತುಕ್ಕು ತಡೆಯುವಂಥದ್ದಿದೆ ಎಂದು ಅಷ್ಟು ಓದಿದವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಪಾತ್ರೆ ಅಂಗಡಿಯ ಬುದ್ಧಿಯೇ ಸಾಕಾಗಿತ್ತು. ನಂದಿನಿ ತನ್ನ ಲೆಕ್ಕದ ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟಳು. ಶಶಿಕಾಂತ್ ಎಂದಿನಂತೆ ಸುನಂದಾಳ ಮಾತಿಗೆ ತಲೆಯಾಡಿಸಿದರು.

ನಿಕ್ಕಲ್ ಸ್ಟೀಲಿನ ಪ್ಲೇಟಿಗೆ ತುಕ್ಕೇನೂ ಹತ್ತಲಿಲ್ಲ. ಆದರೆ ಕಾದಂತೆಲ್ಲ ಅದು ಪಿಂಗಾಣಿಗಿಂತ ಬಹಳ ಹೆಚ್ಚು ಹಿಗ್ಗಿತು. ಇದ್ದ ಒಂದು ಬಿಲ್ಲೆ ನಟ್ಟನಡುವೆ ಸೀಳಿತು. ನಂದಿನಿಯ ಸ್ಟೀಲಾಗಿದ್ದರೆ ಹೆಚ್ಚುಕಡಿಮೆ ಬಿಲ್ಲೆಯಷ್ಟೇ ಹಿಗ್ಗುತ್ತಿತ್ತು.

"ಹಿಗ್ಗೋ ಲೆಕ್ಕ ನೀನು ನೋಡಿರಲಿಲ್ಲೇನಮ್ಮಾ?" ಎಂದು ಶಶಿಕಾಂತ್ ನಂದಿನಿಯನ್ನು ಕೇಳಿದರು.

"ನೋಡಿದ್ದೆ ಸರ್. ಸುನಂದಕ್ಕ ಬ್ಯಾಡ ಅಂದ್ರಲ್ರಿ, ನನ್ನ ಲೆಕ್ಕಾನೇ ತಪ್ಪಿರಬೇಕು ಅನ್ಕಂಡೆ. ಅಕ್ಕನ ಹತ್ರ ಕಲಿಯಾಕಂತಾನೇ ನಾನು ಇಲ್ಲಿಗೆ ಬಂದಿದ್ದು. ತಪ್ಪು ನಂದೇ ಸರ್."

ತಪ್ಪು ಯಾರದೆಂದು ಸುನಂದಾಳಿಗೆ ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. "ನಂದು" ಎಂಬ ಮಾತು ಗಂಟಲತನಕ ಬಂದಿತ್ತು. ಅದನ್ನೂ ಆ ಹುಡುಗಿ ತನಗಿಂತ ಮೊದಲೇ ಹೇಳಿಬಿಟ್ಟಳಲ್ಲ ಎಂದು ಅವಳಿಗೆ ಮತ್ತೆ ಹೊಟ್ಟೆ ಉರಿಯಿತು.